ಸಾರ್ವೆ ಹತ್ತುವ ಮೊದಲು

ಸೋದರಿಯರೇ, ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಈಗ ಗಾರೆ ಕೆಲಸ ನಡೆಯುತ್ತಿದ್ದರೆ, ಒಲೆಯ ಮೇಲಿರುವ ಹಾಲನ್ನು ಇಳಿಸಿಟ್ಟು ಒಂದು ಸಲ ಹೊರಗೆ ಹೋಗಿ ನೋಡಿ ಬನ್ನಿ. ಗೋಡೆ ನೇರವಾಗಿದೆಯೇ, ಕಿಟಕಿ ಸರಿಯಾಗಿ ಕೂತಿದೆಯೇ ಎಂದು ನೋಡಲು ನಾನು ಹೇಳುತ್ತಿಲ್ಲ. ಅದನ್ನು ಬಂದವರು ಹೋದವರು ಎಲ್ಲರೂ ನೋಡಿ ತಲೆಗೊಂದು ಮಾತು ಹೇಳಿಯೇ ಹೇಳುತ್ತಾರೆ. ಗೋಡೆಯ ಮಗ್ಗುಲಿಗೆ ಗಳ ನಿಲ್ಲಿಸಿ, ಹಗ್ಗ ಬಿಗಿದು, ಹಲಗೆ ಹಾಸಿ, ಆಳುಗಳು ನಿಲ್ಲುವುದಕ್ಕೆ ಕಟ್ಟಿರುತ್ತಾರಲ್ಲ, ಆ ಸಾರ್ವೆಯನ್ನು ನೋಡಿ ಬನ್ನಿ.

"ಇದೇನಪ್ಪಾ, ಹುಳಿಯನ್ನದ ಗೊಜ್ಜು ಓದೋಣ ಅಂತ ಕೂತರೆ ಇವಳು ಸಾರ್ವೆಯ ಪುರಾಣ ತೆಗೆದಳು" ಎಂದು ನಗಬೇಡಿ. ಕೆಲವು ವರ್ಷದ ಹಿಂದೆ ಯಾರಾದರೂ ಹೀಗೆ ಹೇಳಿದ್ದರೆ ನಾನೂ ನಕ್ಕು ಪುಟ ತಿರುವುತ್ತಿದ್ದೆ. ಈಗ ನಗು ಬರುವುದಿಲ್ಲ. ಯಾಕೆಂದು ಹೇಳುತ್ತೇನೆ.

ನಮ್ಮದು ಕೋಲಾರದಲ್ಲಿ ಮಾವನವರ ಕಾಲದ ಮನೆ. ದೊಡ್ಡ ಮಗನಿಗೆ ಮದುವೆ ಗೊತ್ತಾದಾಗ, 2022ರಲ್ಲಿ, ಮಹಡಿಯ ಮೇಲೆ ಎರಡು ಕೋಣೆ ಎತ್ತಿಸಲು ಹೊರಟೆವು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ನಾವು ಎರಡನ್ನೂ ಒಂದೇ ವರ್ಷ ನೋಡಿದೆವು. ಇಂಜಿನಿಯರು ವಾರಕ್ಕೊಂದು ಸಲ ಬಂದು ಮೋಟಾರ್ ಬೈಕಿನಿಂದ ಇಳಿಯದೆಯೇ ನೋಡಿ ಹೋಗುತ್ತಿದ್ದರು. ಕಂಟ್ರಾಕ್ಟರಿಗೆ ನಾಲ್ಕು ಕಡೆ ಕೆಲಸ. ನಮ್ಮ ಯಜಮಾನರು ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ವಾಪಸು. ಇಡೀ ದಿನ ಅಲ್ಲಿ ಇದ್ದವಳು ನಾನೊಬ್ಬಳೇ. ಆಳುಗಳಿಗೆ ಕಾಫಿ ಕೊಡುವುದು, ಗೋಡೆಗೆ ನೀರು ಹೊಡೆಯುವುದು, ಮರಳಿನ ಲೋಡು ಬಂದರೆ ಸಹಿ ಹಾಕುವುದು, ಸಿಮೆಂಟಿನ ಮೂಟೆ ಎಣಿಸುವುದು ಎಲ್ಲ ನನ್ನ ಪಾಲು. ಖಾಲಿ ಚೀಲವನ್ನೂ ಮಡಿಸಿ ಲೆಕ್ಕ ಬರೆದಿಡುತ್ತಿದ್ದೆ. ಅಷ್ಟು ಲೆಕ್ಕದವಳು, ಸಾರ್ವೆಯ ಕಡೆ ಮಾತ್ರ ಒಂದು ದಿನವೂ ತಲೆಯೆತ್ತಿ ನೋಡಿದವಳಲ್ಲ. ಅದು ಗಾರೆಯವರ ಸಾಮಾನು, ಅವರಿಗೆ ಗೊತ್ತು ಎಂದು ಬಿಟ್ಟುಬಿಟ್ಟಿದ್ದೆ.

ನಮ್ಮ ಜಿಲ್ಲೆಯಲ್ಲಿ ಸಾರ್ವೆ ಅಂದರೆ ನೀಲಗಿರಿ ಗಳ. ಇಟ್ಟಿಗೆಗೆ ಹೇಗೆ ಮಾಲೂರು ಹೆಸರಾಯಿತೋ ಹಾಗೆ ಮಾಲೂರು, ಕೋಲಾರದ ಸುತ್ತಮುತ್ತ ಎಲ್ಲಿ ನೋಡಿದರೂ ನೀಲಗಿರಿ ತೋಪು. ನಾನು ಹುಡುಗಿಯಾಗಿದ್ದಾಗ, 1980ರ ದಶಕದಲ್ಲಿ, ರಾಗಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ನೀಲಗಿರಿಯಾದವು. ನೆಟ್ಟು ಏಳೆಂಟು ವರ್ಷಕ್ಕೆ ಕಡಿದರೆ ದುಡ್ಡು, ಕಡಿದ ಬುಡ ಮತ್ತೆ ಚಿಗುರುತ್ತದೆ, ಕಾವಲು ಬೇಡ, ಕಳೆ ಕೀಳುವುದು ಬೇಡ. ಅಂತರ್ಜಲ ಬತ್ತುತ್ತಿದೆ ಎಂಬ ಕೂಗು ಎದ್ದು, 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೂ ಹಳೆಯ ತೋಪಿನ ಬುಡಗಳು ಚಿಗುರುತ್ತಲೇ ಇದ್ದವು. ನೆಟ್ಟಗೆ ಬೆಳೆಯುವ ಮರ, ಬೆಲೆಯೂ ಕಡಿಮೆ. ನಮ್ಮ ಕಂಟ್ರಾಕ್ಟರು ತಂದದ್ದೂ ಅದೇ, ಆಗ ತಾನೇ ಕಡಿದ ಹಸಿ ಗಳ. ತೊಗಟೆ ಕೂಡ ಪೂರ್ತಿ ಹೋಗಿರಲಿಲ್ಲ. ಅದರ ಘಮ ಮನೆಯೆಲ್ಲ ಹರಡಿ, ನೆಗಡಿ ಬಂದವರಿಗೆ ಒಳ್ಳೆಯದು ಎಂದು ನಾವು ಹಾಸ್ಯ ಮಾಡಿದ್ದೂ ಉಂಟು.

ಇನ್ನು ಹಲಗೆಯ ಮಾತು. ಹೊರಗೋಡೆಗೆ ಪ್ಲಾಸ್ಟರಿಂಗ್ ಶುರುವಾದಾಗ ಹಲಗೆ ಸಾಲದಾಯಿತು. ಮೇಸ್ತ್ರಿ ಬಂದು, "ಇನ್ನು ನಾಲ್ಕು ಹಲಗೆ ಬಾಡಿಗೆಗೆ ತರಿಸಬೇಕಮ್ಮಾ" ಎಂದ. ಆ ಹೊತ್ತಿಗೆ ದುಡ್ಡು ಕೈಯಲ್ಲಿ ನೀರಿನಂತೆ ಹರಿದುಹೋಗುತ್ತಿತ್ತು. "ಬಾಡಿಗೆ ಯಾಕಪ್ಪಾ, ನಮ್ಮಲ್ಲೇ ಹಲಗೆ ಇದೆ" ಎಂದು ಅಟ್ಟದಿಂದ ಎರಡು ಉದ್ದನೆಯ ಹಲಗೆ ಇಳಿಸಿಕೊಟ್ಟೆ. ಅವು ನನ್ನ ತವರಿನವು. ಶ್ರೀನಿವಾಸಪುರ ಅಂದರೆ ಮಾವು ತಾನೇ. ತೋಟದಲ್ಲಿ ಮುದಿಯಾದ ಮರ ಕಡಿಸಿದಾಗ ಅಪ್ಪ ಕೊಯ್ಯಿಸಿ, ಅದರ ಮೇಲೆ ಹುಲ್ಲು ಹಾಸಿ ಕಾಯಿ ಹಣ್ಣಿಗಿಡುತ್ತಿದ್ದರು. ಅಪ್ಪ ತೀರಿಹೋದ ಮೇಲೆ ನೆನಪಿಗೆಂದು ತಂದಿಟ್ಟುಕೊಂಡಿದ್ದೆ. ಅಗಲವಾಗಿ, ದಪ್ಪವಾಗಿ ನೋಡಲು ಬಹಳ ಚೆನ್ನಾಗಿದ್ದವು. ಮೇಸ್ತ್ರಿ ಒಂದು ಸಲ ಕೈಯಾಡಿಸಿ, "ಆಗಲಿ ಬಿಡಿ" ಎಂದು ಮೇಲಕ್ಕೆ ಕಳಿಸಿದ. ಬಾಡಿಗೆ ಉಳಿಸಿದೆ ಎಂದು ಆ ರಾತ್ರಿ ಯಜಮಾನರ ಮುಂದೆ ಹೇಳಿಕೊಂಡು ಹಿಗ್ಗಿದೆ.

ಆಷಾಢದ ದಿನ. ರಾತ್ರಿಯೆಲ್ಲ ಗಾಳಿ, ಜಿಟಿಜಿಟಿ ಮಳೆ. ಬೆಳಿಗ್ಗೆ ಒಳ್ಳೆಯ ಬಿಸಿಲು. ಹನ್ನೊಂದರ ಹೊತ್ತು, ನಾನು ಒಳಗೆ ಬಸ್ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಚಟ್ಟೆಂದು ಒಂದು ಸದ್ದು, ಹಿಂದೆಯೇ ಬಾಂಡ್ಲಿ ಬಿದ್ದ ಸದ್ದು, ಆಮೇಲೆ ಒಂದು ಕೂಗು. ಆ ಕೂಗು ಈಗಲೂ ಒಮ್ಮೊಮ್ಮೆ ಒಗ್ಗರಣೆ ಸಿಡಿದಾಗ ಕಿವಿಗೆ ಬರುತ್ತದೆ.

ಬಿದ್ದವಳು ಗಾರೆಯವರಿಗೆ ಬಾಂಡ್ಲಿ ಹೊರುತ್ತಿದ್ದ ಹೆಣ್ಣಾಳು, ನಮ್ಮ ಕಡೆ ಚಿತ್ತಾಳು ಅಂತಾರಲ್ಲ, ಆಕೆ. ಮುಳಬಾಗಿಲು ಕಡೆಯ ಹಳ್ಳಿಯವಳು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳಿರಬೇಕು. ತಲೆಯ ಮೇಲೆ ಗಾರೆ ತುಂಬಿದ ಬಾಂಡ್ಲಿ ಹೊತ್ತು ಹಲಗೆಯ ನಡುವೆ ಕಾಲಿಟ್ಟದ್ದೇ ತಡ, ನಮ್ಮ ಮಾವಿನ ಹಲಗೆ ಎರಡು ತುಂಡಾಗಿತ್ತು. ಎತ್ತರ ಹತ್ತಡಿಯೂ ಇರಲಾರದು. ಬಿದ್ದ ಜಾಗದಲ್ಲಿ ಇಟ್ಟಿಗೆ ಚೂರಿನ ರಾಶಿ. ಗಂಡಾಳುಗಳು ಅವಳನ್ನು ಎತ್ತಿ ಆಟೋಗೆ ಹಾಕಲು ಹೊರಟರು. ಪಕ್ಕದ ಮನೆಯ ನಿವೃತ್ತ ನರ್ಸಮ್ಮ ಓಡಿ ಬಂದು, "ಮುಟ್ಟಬೇಡಿ, ಬೆನ್ನಿಗೆ ಏಟಾಗಿದ್ದರೆ ಎತ್ತುವಾಗಲೇ ಕೆಡುತ್ತದೆ, 108ಕ್ಕೆ ಫೋನ್ ಮಾಡಿ" ಎಂದು ಗದರಿಸಿದರು. ಬೆನ್ನಿಗೇನೂ ಆಗಿರಲಿಲ್ಲ ಎನ್ನುವುದೇ ದೇವರ ದಯೆ. ತೊಡೆಯ ಮೂಳೆ ಮುರಿದಿತ್ತು, ಬಲಗೈ ಮಣಿಕಟ್ಟು ಮುರಿದಿತ್ತು.

ಮುರಿದ ಹಲಗೆಯ ತುಂಡನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ಮೇಲ್ಮೈ ನುಣುಪು; ಒಳಗೆ ಹುಳು ಕೊರೆದು ಕೊರೆದು ರವೆಯಂತಾಗಿತ್ತು. ತಟ್ಟಿದರೆ ಹಿಟ್ಟು ಉದುರಿತು. ಮಾವಿನ ಮರಕ್ಕೆ ಹುಳು ಬಲು ಬೇಗ ಹತ್ತುತ್ತದೆ. ಇದು ತೋಟದ ಮನೆಯ ಮಗಳಾದ ನನಗೆ ಗೊತ್ತಿಲ್ಲದ ವಿಷಯವೇ? ಹಣ್ಣಿಗಿಟ್ಟ ಕಾಯಿಯ ಭಾರಕ್ಕೆ ತಡೆದದ್ದು, ಅರ್ಧ ಮೂಟೆ ತೂಕದ ಗಾರೆ ಹೊತ್ತ ಹೆಂಗಸಿನ ಭಾರಕ್ಕೆ ತಡೆಯುತ್ತದೆಯೇ ಎಂದು ಯೋಚಿಸಲಿಲ್ಲ, ಅಷ್ಟೆ.

ಕಂಟ್ರಾಕ್ಟರು ಸಂಜೆ ಬಂದು, "ಇದೆಲ್ಲಾ ನಮ್ಮ ಕೆಲಸದಲ್ಲಿ ಇದ್ದದ್ದೇ ಮೇಡಂ" ಎಂದರು. ಎಲ್ಲರೂ ಮೇಸ್ತ್ರಿಯನ್ನು ಬೈದರು, ಹಲಗೆ ನೋಡದೆ ಹಾಕಿದ ಅಂತ. ಅವನು ತಲೆ ತಗ್ಗಿಸಿ ನಿಂತಿದ್ದ, ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ಹಲಗೆ ಕೊಟ್ಟವಳು ನಾನು ಎಂದು ನಾನು ಬಾಯಿ ಬಿಡಲಿಲ್ಲ. ಯಜಮಾನರಿಗೆ ಗೊತ್ತಿತ್ತು, ಅವರೂ ಸುಮ್ಮನಿದ್ದರು. ಆಸ್ಪತ್ರೆಯ ಖರ್ಚು ನಾವು ಕೊಟ್ಟೆವು, ಮೂರು ತಿಂಗಳ ಕೂಲಿಯನ್ನೂ ಕೊಟ್ಟೆವು. ಊರಿನವರು ನಮ್ಮನ್ನು ಹೊಗಳಿದರು. ಆ ಹೊಗಳಿಕೆ ಕೇಳುವುದು ಎಷ್ಟು ಕಷ್ಟ ಎಂದು ನಿಮಗೆ ಹೇಗೆ ಹೇಳಲಿ!

ಕೆಲಸ ಹದಿನೈದು ದಿನ ನಿಂತಿತು. ಆಮೇಲೆ ನನ್ನ ತಮ್ಮ ಮುಳಬಾಗಿಲಿನಿಂದ ಒಬ್ಬ ವಯಸ್ಸಾದ ಮೇಸ್ತ್ರಿಯನ್ನು ಗೊತ್ತು ಮಾಡಿ ಕಳಿಸಿದ. ಅರುವತ್ತರ ಮೇಲಿನ ವಯಸ್ಸು, ತೆಲುಗು ಬೆರೆತ ಕನ್ನಡ. ನಮ್ಮ ಮಕ್ಕಳು ಅವರನ್ನು ಮೇಸ್ತ್ರಿ ತಾತ ಎಂದೇ ಕರೆದರು. ತಾತ ಬಂದವರೇ ಮಾಡಿದ ಮೊದಲ ಕೆಲಸವೆಂದರೆ ಇದ್ದ ಸಾರ್ವೆಯನ್ನು ಪೂರ್ತಿ ಬಿಚ್ಚಿಸಿದ್ದು. ಎರಡು ದಿನದ ಕೂಲಿ ದಂಡ ಎಂದು ಯಜಮಾನರು ಮುಖ ಗಂಟು ಹಾಕಿಕೊಂಡರು. ತಾತ ಲಕ್ಷ್ಯ ಮಾಡಲಿಲ್ಲ. ಗಳಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಮಲಗಿಸಿ, ಸುತ್ತಿಗೆಯ ಹಿಡಿಯಿಂದ ಒಂದೊಂದನ್ನೇ ಉದ್ದಕ್ಕೂ ತಟ್ಟುತ್ತಾ ಬಂದರು. ಟಣ್ ಎಂದದ್ದು ಒಂದು ಕಡೆ, ದಬ್ ಎಂದದ್ದು ಇನ್ನೊಂದು ಕಡೆ. ನಾವು ಸಂತೆಯಲ್ಲಿ ಮಡಕೆ ಕೊಳ್ಳುವಾಗ ತಟ್ಟಿ ನೋಡುವುದಿಲ್ಲವೇ, ಥೇಟ್ ಹಾಗೆಯೇ. ಅವರ ತಂದೆ ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ ನೆಲದೊಳಗೆ ಮರದ ಆಸರೆ ನಿಲ್ಲಿಸುವ ಕೆಲಸದಲ್ಲಿದ್ದರಂತೆ. 2001ರಲ್ಲಿ ಗಣಿ ಮುಚ್ಚುವ ಎಷ್ಟೋ ಮೊದಲೇ ತೀರಿಕೊಂಡವರು, ಆದರೆ ಮಗನಿಗೆ ಈ ತಟ್ಟುವ ವಿದ್ಯೆ ಬಿಟ್ಟುಹೋಗಿದ್ದರು. "ಕಣ್ಣು ಮೋಸ ಮಾಡ್ತದೆ ತಾಯಿ, ಕಿವಿ ಮಾಡಲ್ಲ" ಎಂದರು ತಾತ.

ಇಪ್ಪತ್ತೆಂಟು ಗಳದಲ್ಲಿ ಒಂಬತ್ತನ್ನು ಪಕ್ಕಕ್ಕೆ ಹಾಕಿದರು. ಸೌದೆಗೆ ಆಯಿತು.

ಅವತ್ತಿನಿಂದ ನಾನು ಕಾಫಿ ಲೋಟ ಹಿಡಿದುಕೊಂಡು ತಾತನ ಹಿಂದೆ ಹಿಂದೆ ತಿರುಗಿ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ, ನಾನು ಎಸ್.ಎಸ್.ಎಲ್.ಸಿ.ಯವಳು.

ಮೊದಲು ಬುಡ ನೋಡಬೇಕು. ನಿಲ್ಲಿಸಿದ ಗಳದ ಬುಡ ಒಂದೂವರೆ ಎರಡು ಅಡಿ ನೆಲದಲ್ಲಿ ಹೂತು, ಸುತ್ತ ಕಲ್ಲು ಬಡಿದಿರಬೇಕು. ಸಿಮೆಂಟು ನೆಲವಾದರೆ ಅಗಲವಾದ ಹಲಗೆಯ ಮೇಲೆ ಕೂರಿಸಿ, ಜಾರದಂತೆ ಬುಡದಲ್ಲೇ ಒಂದು ಗಳ ಅಡ್ಡ ಕಟ್ಟಬೇಕು. ಎತ್ತರ ಸಾಲದೆಂದು ಗಳದ ಕೆಳಗೆ ಬಿಡಿ ಇಟ್ಟಿಗೆ ಪೇರಿಸಿಟ್ಟಿದ್ದರೆ ಆ ಸಾರ್ವೆಗೆ ಯಾರನ್ನೂ ಹತ್ತಿಸಬೇಡಿ. ನಮ್ಮ ಹಳೆಯ ಸಾರ್ವೆಯಲ್ಲಿ ಎರಡು ಕಡೆ ಹಾಗೇ ಇಟ್ಟಿದ್ದರು. ನಾನು ದಿನಾ ಅದರ ಪಕ್ಕದಲ್ಲೇ ರಂಗೋಲಿ ಹಾಕುತ್ತಿದ್ದೆ! ಮಳೆ ಬಂದ ಮೇಲೆ ಬುಡದ ಮಣ್ಣು ಕೊಚ್ಚಿಹೋಗಿದೆಯೇ ಎಂದೂ ನೋಡಬೇಕು. ಗೋಡೆಗೆ ನೀರು ಹೊಡೆಯುವವರು ನಾವೇ ಆದ್ದರಿಂದ, ಬುಡದಲ್ಲಿ ನೀರು ನಿಲ್ಲಿಸುವ ತಪ್ಪೂ ಸಾಮಾನ್ಯವಾಗಿ ನಮ್ಮದೇ.

ಹಗ್ಗದ ವಿಷಯ ನನಗೆ ಬಹಳ ಆಶ್ಚರ್ಯ ತಂದದ್ದು. ತೆಂಗಿನ ನಾರಿನ ಹಗ್ಗ ನೆನೆದಾಗ ಬಿಗಿಯುತ್ತದೆ, ಒಣಗಿದಾಗ ಸಡಿಲುತ್ತದೆ. ರಾತ್ರಿ ಮಳೆ, ಬೆಳಿಗ್ಗೆ ಬಿಸಿಲು ಅಂದರೆ ಹನ್ನೊಂದು ಗಂಟೆಗೆ ಕಟ್ಟು ಮುಂಚಿನಂತೆ ಇರುವುದಿಲ್ಲ. ಸಾಲದ್ದಕ್ಕೆ ಹಸಿ ನೀಲಗಿರಿ ಒಣಗುತ್ತಾ ಒಣಗುತ್ತಾ ಸಣ್ಣಗಾಗುತ್ತದೆ, ಸೀಳುತ್ತದೆ. ಸೋಮವಾರ ಗಟ್ಟಿಯಾಗಿ ಬಿಗಿದ ಕಟ್ಟು ಮುಂದಿನ ಸೋಮವಾರಕ್ಕೆ ಬಳೆ ಸಡಿಲವಾದ ಕೈಯಂತೆ. ಕಟ್ಟಿದವರ ತಪ್ಪೇನೂ ಇಲ್ಲ, ಮರದ ಗುಣ ಅದು. ಅದಕ್ಕೇ ಕಟ್ಟಿದ ದಿನ ಒಂದು ಸಲ ನೋಡಿದರೆ ಆಗಲಿಲ್ಲ. ಹೊರದೇಶಗಳಲ್ಲೂ ಇದೇ ಕ್ರಮವೆಂದು ನನ್ನ ಮಗ ಓದಿ ಹೇಳಿದ. ಬ್ರಿಟನ್ನಿನಲ್ಲಿ ಮೊದಲ ಸಲ ಹತ್ತುವ ಮೊದಲು, ಆಮೇಲೆ ಏಳು ದಿನದೊಳಗೆ ಒಂದು ಸಲ, ಗಾಳಿಮಳೆ ಬಡಿದು ಕೆಟ್ಟಿರಬಹುದಾದರೆ ಮತ್ತೆ ನೋಡಿ ಬರೆದಿಡಬೇಕು. ಅಮೆರಿಕದಲ್ಲಿ ಪ್ರತಿ ಪಾಳಿಯ ಕೆಲಸಕ್ಕೂ ಮುಂಚೆ ತಿಳಿದವರೊಬ್ಬರು ನೋಡಬೇಕು. ನಮ್ಮ ತಾತನಿಗೆ ಬ್ರಿಟನ್ನೂ ಗೊತ್ತಿಲ್ಲ, ಅಮೆರಿಕವೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಬೀಡಿ ಹಚ್ಚುವ ಮುಂಚೆ ಒಂದೊಂದು ಕಟ್ಟನ್ನೂ ಹಿಡಿದು ಅಲುಗಾಡಿಸಿ ಬರುತ್ತಿದ್ದರು. ಪ್ಲಾಸ್ಟಿಕ್ ಹಗ್ಗ ಅವರಿಗೆ ಆಗದು. ಅದು ನುಣುಪು, ಗಂಟು ಜಾರುತ್ತದೆ, ಬಿಸಿಲಿಗೆ ಪುಡಿಪುಡಿಯಾಗುತ್ತದೆ. ಬಟ್ಟೆ ಒಣಹಾಕುವ ನಮ್ಮ ನೀಲಿ ಹಗ್ಗ ವರ್ಷಕ್ಕೇ ಎಳೆ ಬಿಟ್ಟುಕೊಳ್ಳುವುದನ್ನು ನೀವೂ ಕಂಡಿದ್ದೀರಿ.

ಗಳ ಗಳಕ್ಕೆ ಜೋಡಿಸಿ ಎತ್ತರ ಮಾಡುವಾಗ ಎರಡೂ ಒಂದರ ಮೇಲೊಂದು ಸಾಕಷ್ಟು ಉದ್ದ ಬಂದು, ಕನಿಷ್ಠ ಎರಡು ಕಡೆ ಬಿಗಿದಿರಬೇಕು. ಉದ್ದಕ್ಕೆ ಅಡ್ಡಕ್ಕೆ ಕಟ್ಟಿದ್ದು ಸಾಲದು, ಕತ್ತರಿಯಾಕಾರದಲ್ಲಿ ಓರೆ ಗಳ ಬೇಕು. ಅದಿಲ್ಲದಿದ್ದರೆ ಹಳೆಯ ಸ್ಟೂಲು ವಾಲಾಡಿದಂತೆ ಇಡೀ ಸಾರ್ವೆ ಒಂದು ಮಗ್ಗುಲಿಗೆ ಮಲಗುತ್ತದೆ. ಇನ್ನೊಂದು, ಸಾರ್ವೆಯನ್ನು ಮನೆಗೆ ಕಟ್ಟಿರಬೇಕು. ತಾತ ಕಿಟಕಿಯೊಳಗಿಂದ ಅಡ್ಡಲಾಗಿ ಒಂದು ಗಳ ಕೊಟ್ಟು ಅದಕ್ಕೆ ಹೊರಗಿನ ಗಳ ಬಿಗಿದರು. ನೀರಿನ ಪೈಪಿಗೋ, ಸಜ್ಜಾದ ಹಸಿ ಕಾಂಕ್ರೀಟಿನಿಂದ ಹೊರಬಂದ ಕಂಬಿಗೋ ಕಟ್ಟಲು ಬಿಡಲಿಲ್ಲ.

ಹಲಗೆಯ ಬಗ್ಗೆ ನಾನು ಬರೆಯಲು ಕೂತರೆ ಕೈ ತಡೆಯುತ್ತದೆ. ಆದರೂ ಬರೆಯಬೇಕು. ಹಲಗೆಯನ್ನು ಮೊದಲು ನೆಲದ ಮೇಲೆ, ಎರಡು ಇಟ್ಟಿಗೆಯ ಮೇಲೆ ತುದಿ ಇಟ್ಟು, ನಡುವೆ ಇಬ್ಬರು ನಿಂತು ನೋಡಬೇಕು. ಬಗ್ಗಿದರೂ, ಕಿರುಗುಟ್ಟಿದರೂ, ಗಂಟು ಇರುವಲ್ಲಿ ಬಿರುಕು ಕಂಡರೂ ಆಚೆ ಇಡಬೇಕು. ಸಣ್ಣ ಸೂಜಿಯ ತೂತು ಕಂಡು ಹಿಟ್ಟು ಉದುರಿದರೆ ಒಲೆಗೆ ಹಾಕಿ. ಬಣ್ಣ ಬಳಿದ ಹಲಗೆ ಕೂಡದು, ಬಣ್ಣ ಬಿರುಕನ್ನು ಮುಚ್ಚಿಡುತ್ತದೆ. ಒಂದೇ ಹಲಗೆಯ ಮೇಲೆ ಮನುಷ್ಯ ನಡೆಯಬಾರದು. ಎರಡು ಮೂರು ಒತ್ತಾಗಿ ಹಾಸಿ, ತುದಿಗಳನ್ನು ಹಗ್ಗದಿಂದ ಬಿಗಿಯಬೇಕು. ತುದಿ ಅಡ್ಡಮರದಿಂದ ಆಚೆಗೆ ಅರ್ಧ ಅಡಿಯಾದರೂ ಬಂದಿರಬೇಕು, ಇಲ್ಲವಾದರೆ ಜಾರಿ ಬೀಳುತ್ತದೆ. ಒಂದಡಿಗಿಂತ ಹೆಚ್ಚು ಬಂದರೂ ಕಷ್ಟವೇ: ಆ ತುದಿಗೆ ಕಾಲಿಟ್ಟರೆ ಮಕ್ಕಳ ಏತದಾಟದಂತೆ ಈ ತುದಿ ಮೇಲೇಳುತ್ತದೆ. ನಿಲ್ಲುವವರ ಸೊಂಟದ ಮಟ್ಟಕ್ಕೆ ಹೊರಬದಿಯಲ್ಲಿ ಒಂದು ಗಳ, ಮೊಣಕಾಲ ಮಟ್ಟಕ್ಕೆ ಇನ್ನೊಂದು. ಎರಡು ಗಳ, ನಾಲ್ಕು ಕಟ್ಟು. ಇದಕ್ಕೂ ಜಿಪುಣತನ ಮಾಡುವವರುಂಟು.

ಭಾರದ ಲೆಕ್ಕ ನಮಗೆ ಚೆನ್ನಾಗಿ ಬರುತ್ತದೆ. ಒಂದು ಇಟ್ಟಿಗೆ ಸುಮಾರು 3 ಕೆ.ಜಿ. ಇಪ್ಪತ್ತು ಇಟ್ಟಿಗೆ ಪೇರಿಸಿದರೆ ಅಲ್ಲಿ ಒಬ್ಬ ಮನುಷ್ಯ ಕೂತಂತೆ. ಮೇಲೆ ಕೆಳಗೆ ಓಡಾಡುವುದು ತಪ್ಪಲಿ ಎಂದು ಆಳುಗಳು ಐವತ್ತು ಅರವತ್ತು ಇಟ್ಟಿಗೆ ಒಂದೇ ಕಡೆ ಒಟ್ಟಿಬಿಡುತ್ತಾರೆ, ಅದರ ಪಕ್ಕ 50 ಕೆ.ಜಿ.ಯ ಸಿಮೆಂಟು ಮೂಟೆ, ಅದರ ಪಕ್ಕ ಇಬ್ಬರು ಮೇಸ್ತ್ರಿಗಳು. ಕೆಳಗಿನಿಂದಲೇ ಎಣಿಸಿ, ಹೆಚ್ಚಾದರೆ ಇಳಿಸಲು ಹೇಳಿ.

ಏಣಿ ಎತ್ತರದ ಕಾಲು ಭಾಗದಷ್ಟು ಗೋಡೆಯಿಂದ ದೂರಕ್ಕೆ ಬುಡ ಇರಬೇಕು. ಹನ್ನೆರಡು ಅಡಿ ಎತ್ತರಕ್ಕೆ ಮೂರಡಿ. ಮೇಲೆ ಇಳಿಯುವ ಜಾಗಕ್ಕಿಂತ ಮೂರಡಿ ಹೆಚ್ಚು ಉದ್ದವಾಗಿ, ತುದಿಗೆ ಕಟ್ಟಿರಬೇಕು. ಸಾರ್ವೆಯ ಗಳ ಹಿಡಿದು ಕೋತಿಯಂತೆ ಹತ್ತುವ ಹುಡುಗರನ್ನು ಬೈದು ಇಳಿಸಿ. ಮನೆಯ ಪಕ್ಕದಲ್ಲಿ ವಿದ್ಯುತ್ ತಂತಿ ಹೋಗಿದ್ದರೆ ಸಾರ್ವೆ ಕಟ್ಟುವ ಮೊದಲೇ ಬೆಸ್ಕಾಂಗೆ ತಿಳಿಸಿ. ಹಸಿ ಗಳಕ್ಕೂ ಕರೆಂಟು ಹರಿಯುತ್ತದೆ, ಕಬ್ಬಿಣದ ಪೈಪನ್ನಂತೂ ಕೇಳುವುದೇ ಬೇಡ. ಉದ್ದದ ಗಳವನ್ನು ನೆಟ್ಟಗೆ ಎತ್ತುವ ಹೊತ್ತು ಬಹಳ ಅಪಾಯದ್ದು, ಎತ್ತುವವನ ಕಣ್ಣು ಬುಡದ ಮೇಲಿರುತ್ತದೆ.

ಹೆಣ್ಣಾಳುಗಳ ವಿಷಯ ಬೇರೆಯಾಗಿಯೇ ಹೇಳಬೇಕು. ಅವರು ಸೀರೆಯ ಮೇಲೆ ಗಂಡಸರ ಅಂಗಿ ತೊಡುವುದು ಸೆರಗು ಸಿಕ್ಕದಿರಲಿ ಎಂದೇ. ಆದರೂ ನೆರಿಗೆ ಗಳಕ್ಕೆ ಸಿಕ್ಕುತ್ತದೆ, ಹವಾಯಿ ಚಪ್ಪಲಿ ಒದ್ದೆ ಗಾರೆಯ ಮೇಲೆ ಜಾರುತ್ತದೆ. ತಾತ ಅವರನ್ನು ಬಾಂಡ್ಲಿ ಹೊತ್ತು ಹತ್ತಲು ಬಿಡಲೇ ಇಲ್ಲ, ಒಂದು ರಾಟೆ ಕಟ್ಟಿ ಬಕೆಟ್ಟಿನಲ್ಲಿ ಸೇದಿಸಿಕೊಂಡರು. ಹಿಂದಿನ ಕಾಲದಲ್ಲಿ ನಾವು ಬಾವಿಯಿಂದ ನೀರು ಸೇದುತ್ತಿದ್ದೆವಲ್ಲ, ಅಷ್ಟು ಸುಲಭದ ಉಪಾಯ. ಹತ್ತು ವರ್ಷದಿಂದ ನಮ್ಮ ಬತ್ತಿದ ಬಾವಿಯ ರಾಟೆ ಮೂಲೆಯಲ್ಲಿ ಬಿದ್ದಿತ್ತು. ಅದು ಯಾರಿಗೂ ಹೊಳೆದಿರಲಿಲ್ಲ. ಕೈಗೂಸಿನ ತಾಯಂದಿರು ಸಾರ್ವೆಯ ಗಳಕ್ಕೇ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸುತ್ತಾರೆ. ಅದನ್ನು ಕಂಡರೆ ದಯವಿಟ್ಟು ಬಯ್ಯಬೇಡಿ, ನಿಮ್ಮ ಪಡಸಾಲೆಯ ಕೊಂಡಿಯನ್ನು ಜೋಲಿಗೆ ಬಿಟ್ಟುಕೊಡಿ.

"ಹತ್ತಡಿ ತಾನೇ, ಅದರಿಂದ ಬಿದ್ದರೇನು" ಎನ್ನುವ ಮಾತು ನಾನು ಬಹಳ ಕೇಳಿದ್ದೇನೆ. ಹತ್ತಡಿಯಿಂದ ಬಿದ್ದವರು ನೆಲ ಮುಟ್ಟಲು ಒಂದು ಸೆಕೆಂಡೂ ಹಿಡಿಯುವುದಿಲ್ಲ, ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 28 ಕಿ.ಮೀ. ಎಂದು ಮಗ ಲೆಕ್ಕ ಹಾಕಿ ತೋರಿಸಿದ. ಸ್ಕೂಟರಿನಲ್ಲಿ ಆ ವೇಗದಲ್ಲಿ ಹೋಗಿ ಗೋಡೆಗೆ ಗುದ್ದಿದರೆ ಹೇಗಿರುತ್ತದೆ, ನೀವೇ ಊಹಿಸಿ. ಆದ್ದರಿಂದ ಸೊಂಟಕ್ಕೆ ಬೆಲ್ಟು ಅಂದರೆ ಅಣಕಿಸಬಾರದು. ಈಗಿನದು ಭುಜ, ತೊಡೆ ಎಲ್ಲಕ್ಕೂ ಬರುವ ಪಟ್ಟಿ. ಕೊಕ್ಕೆಯನ್ನು ಸಾರ್ವೆಯ ಗಳಕ್ಕೇ ಹಾಕಿದರೆ ಸಾರ್ವೆಯ ಜೊತೆಗೇ ಕೆಳಗೆ ಬರಬೇಕಾಗುತ್ತದೆ. ಕಟ್ಟಡದ ಗಟ್ಟಿ ಭಾಗಕ್ಕೆ ಬಿಗಿದ ಹಗ್ಗಕ್ಕೆ ಹಾಕಬೇಕು.

ನಮ್ಮ ನೆಂಟರ ಹುಡುಗನೊಬ್ಬ ನರಸಾಪುರದ ಕಡೆ ಕಾರ್ಖಾನೆ ಕಟ್ಟುವ ಜಾಗದಲ್ಲಿ ಸೂಪರ್‌ವೈಸರ್. ಅಲ್ಲೆಲ್ಲ ಕಬ್ಬಿಣದ ಪೈಪಿನ ಸಾರ್ವೆ. ದೊಡ್ಡ ಕೆಲಸಗಳಲ್ಲಿ ಸಾರ್ವೆ ಪರೀಕ್ಷೆ ಮಾಡಿದವರು ಏಣಿಯ ಬಳಿ ಹಸಿರು ಚೀಟಿ ತೂಗುಹಾಕಿದರೆ ಹತ್ತಬಹುದು, ಕೆಂಪು ಇದ್ದರೆ ಹತ್ತಕೂಡದಂತೆ. ಪೈಪಾದರೂ ತುಕ್ಕು, ಬಾಗು, ಬಿಟ್ಟುಹೋದ ಪಿನ್ನು, ಬುಡದ ತಗಡು ನೋಡಲೇಬೇಕು ಎಂದ. ಇದನ್ನು ಕೇಳಿ ನನಗೊಂದು ಉಪಾಯ ಹೊಳೆಯಿತು. ನಮ್ಮೆಲ್ಲರ ಬೀರುವಿನಲ್ಲೂ ತಾಂಬೂಲಕ್ಕೆ ಬಂದ ಬ್ಲೌಸ್ ಪೀಸುಗಳ ರಾಶಿ ಇರುತ್ತದಲ್ಲ, ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ ದಾಟಿಸುತ್ತಾ! ಒಂದು ಹಸಿರು, ಒಂದು ಕೆಂಪು ತೆಗೆದು ತಾತನ ಕೈಗೆ ಕೊಟ್ಟೆ. ಬೆಳಿಗ್ಗೆ ತಾತ ಎಲ್ಲ ನೋಡಿದ ಮೇಲೆ ಏಣಿಗೆ ಹಸಿರು ಕಟ್ಟುವುದು. ಸಂಜೆ, ಮಳೆ ಬಂದಾಗ, ಯಾವುದಾದರೂ ಹಲಗೆ ತೆಗೆದಾಗ ಕೆಂಪು. ಮೊದಮೊದಲು ಆಳುಗಳು ಮುಸಿಮುಸಿ ನಕ್ಕರು. ವಾರದಲ್ಲಿ ಅವರೇ, "ತಾತಾ, ಹಸಿರು ಕಟ್ಟಲಿಲ್ಲ" ಎಂದು ಕೆಳಗೆ ಕಾಯತೊಡಗಿದರು. ಸಂಜೆ ಕೆಂಪು ಕಟ್ಟುವುದರಿಂದ ಬೀದಿಯ ಮಕ್ಕಳು ಸಾರ್ವೆ ಹತ್ತಿ ಆಡುವುದೂ ನಿಂತಿತು. ಏಣಿಯನ್ನೂ ತೆಗೆದು ಒಳಗಿಡುತ್ತಿದ್ದೆವೆನ್ನಿ.

ಕಾನೂನಿನ ಮಾತು ಎರಡೇ ಸಾಲು. ಕಟ್ಟಡ ಕಾರ್ಮಿಕರ ಸುರಕ್ಷತೆಗೆಂದು 1996ರಲ್ಲೇ ದೇಶದಲ್ಲಿ ಕಾಯಿದೆ ಬಂದಿತ್ತು. 2025ರ ನವೆಂಬರಿನಲ್ಲಿ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳೊಳಗೆ ಅದು ಸೇರಿಕೊಂಡಿದೆ. ನಮ್ಮ ರಾಜ್ಯದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. 18ರಿಂದ 60 ವರ್ಷದೊಳಗಿನವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಹೆಸರು ನೋಂದಾಯಿಸಿಕೊಳ್ಳಬಹುದು. ಅಪಘಾತವಾದರೆ, ಹೆರಿಗೆಗೆ, ಮಕ್ಕಳ ಓದಿಗೆ ನೆರವುಂಟು. ನಮ್ಮಲ್ಲಿ ಬಿದ್ದವಳಿಗೆ ಆ ಕಾರ್ಡು ಇರಲಿಲ್ಲ. ಅದು ಇರುತ್ತದೆ ಎಂದೇ ಅವಳಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಬಂದವರನ್ನು ಮೊದಲ ದಿನದ ಕಾಫಿಯ ಜೊತೆ, ಕಾರ್ಡು ಮಾಡಿಸಿದ್ದೀರಾ ಎಂದು ಕೇಳಿನೋಡಿ.

ಮಹಡಿ ಮುಗಿಯಿತು, ಮದುವೆಯೂ ಆಯಿತು. ಈ ಸಂಕ್ರಾಂತಿಯ ಮರುದಿನ ಆಕೆ ತನ್ನ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ಈಗ ಗಾರೆ ಕೆಲಸಕ್ಕೆ ಹೋಗುವುದಿಲ್ಲ. ನಡೆಯುವಾಗ ಕಾಲು ಸ್ವಲ್ಪ ಎಳೆಯುತ್ತಾಳೆ. ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳಂತೆ. ಹಿತ್ತಲ ಕಟ್ಟೆಯ ಮೇಲೆ ಕೂತು ಎಳ್ಳುಬೆಲ್ಲ ತಿನ್ನುತ್ತಿದ್ದವಳ ಎದುರು ನನಗೆ ಇನ್ನು ತಡೆಯಲಾಗಲಿಲ್ಲ.

"ಅವತ್ತಿನ ಹಲಗೆ ಮೇಸ್ತ್ರಿ ತಂದದ್ದಲ್ಲ ಕಣೇ. ನಾನು ಕೊಟ್ಟಿದ್ದು, ನಮ್ಮಪ್ಪನ ಮನೇದು" ಎಂದೆ.

ಅವಳು ನನ್ನ ಮುಖ ನೋಡಿದಳು. "ಗೊತ್ತಮ್ಮಾ" ಎಂದಳು. "ನೀವು ಅಟ್ಟದಿಂದ ಇಳಿಸಿದಾಗ ಆ ಕಡೆ ತುದಿ ಹಿಡಕೊಂಡವಳು ನಾನೇ ಅಲ್ವಾ. ಹಗುರವಾಗಿ ಐತಲ್ಲ ಅಂತ ಅವತ್ತೇ ಅನ್ನಿಸ್ತು. ಹೇಳಿದ್ರೆ ನೀವೇನಂದ್ಕೊಳ್ತೀರೋ ಅಂತ ಸುಮ್ನಾದೆ."

ನಾನು ಏನೂ ಹೇಳಲಾರದೆ ಕೂತಿದ್ದೆ. ಅವಳು ಬಟ್ಟಲಿನ ಕೊನೆಯ ಕೊಬ್ಬರಿ ಚೂರನ್ನು ಮಗಳ ಕೈಗಿಟ್ಟು, ಮೆಟ್ಟಿಲ ಕೆಳಗೆ ಬೂದಿ ಬಡಿದುಕೊಂಡು ಬಿದ್ದಿದ್ದ ಇನ್ನೊಂದು ಹಲಗೆಯನ್ನು ತೋರಿಸಿ, "ಅದನ್ನಿನ್ನೂ ಯಾಕಮ್ಮಾ ಇಟ್ಟಿದೀರಿ? ಒಲೆಗೆ ಹಾಕಬಾರದಾ?" ಎಂದಳು. ಆಕೆಯ ಎದುರಿಗೇ ಕೊಡಲಿ ತರಿಸಿದೆ.